ಮನೆಮಂದಿಗೆಲ್ಲ ಒಂದೇ ಪಾಸ್ ಏಕೆ?

ಬೇಸಿಗೆ ರಜೆಯಲ್ಲೋ ದಸರೆಗೋ ಮಕ್ಕಳು ಮರಿ ಕಟ್ಟಿಕೊಂಡು ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ ಕಡೆಯಿಂದ ಬೆಂಗಳೂರು ನೋಡಲು ಬರುವವರು ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಲೇ ಕೇಳುವ ಮಾತು ಸಾಮಾನ್ಯವಾಗಿ ಒಂದೇ: ಎಲ್ಲರಿಗೂ ಸೇರಿ ಯಾವ ಪಾಸ್ ತೆಗೆದರೆ ಲಾಭ? ಲೆಕ್ಕ ತಪ್ಪುವುದು ಈ ಪ್ರಶ್ನೆಯಲ್ಲೇ. ಬೆಂಗಳೂರಿನ ಸಾರಿಗೆ ದರಗಳು ಮನೆಮಂದಿಯನ್ನು ಒಂದು ಗುಂಪಾಗಿ ಕಾಣುವುದೇ ಇಲ್ಲ. ಬಸ್ಸಿನಲ್ಲಿ ಹೆಣ್ಣೋ ಗಂಡೋ, ವಯಸ್ಸೆಷ್ಟು, ವಿಳಾಸ ಎಲ್ಲಿಯದು ಎಂದು ನೋಡುತ್ತಾರೆ. ಮೆಟ್ರೊದಲ್ಲಿ ಮಗುವಿನ ಎತ್ತರ ನೋಡುತ್ತಾರೆ. ಆಟೊದಲ್ಲಿ ತಲೆ ಎಣಿಸುತ್ತಾರೆ. ಹೀಗಿರುವಾಗ ಮನೆಗೊಂದು ಪಾಸ್ ಹುಡುಕುವುದಕ್ಕಿಂತ ಆಳಿಗೊಂದು, ದಾರಿಗೊಂದು ಟಿಕೆಟ್ ಎಂದು ಯೋಚಿಸುವುದೇ ಸರಿ.

ಗಂಡ, ಹೆಂಡತಿ, ಅತ್ತೆ, ಒಂಬತ್ತು ವರ್ಷದ ಮಗ ಇರುವ ಒಂದು ಕುಟುಂಬವನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದಾಗಿ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಅತ್ತೆ–ಸೊಸೆ ಇಬ್ಬರಿಗೂ ಶೂನ್ಯ ಟಿಕೆಟ್. ಮಗನಿಗೆ ಅರ್ಧ ಟಿಕೆಟ್. ಅಂದರೆ ನಾಲ್ವರು ಹತ್ತಿದರೂ ಕೊಡಬೇಕಾದದ್ದು ಒಂದೂವರೆ ಟಿಕೆಟ್ಟಿನ ಹಣ. ಒಂದು ಪ್ರಯಾಣಕ್ಕೆ ಇಪ್ಪತ್ತು ರೂಪಾಯಿಯಂತೆ ದಿನಕ್ಕೆ ನಾಲ್ಕು ಸಲ ಬಸ್ ಹತ್ತಿ ಇಳಿದರೂ ಇಡೀ ಸಂಸಾರಕ್ಕೆ ಆಗುವುದು 120 ರೂಪಾಯಿ. 2025ರ ಜನವರಿಯಲ್ಲಿ ದರ ಏರಿದ ಮೇಲೆ ಸಾಮಾನ್ಯ ಬಸ್ಸಿನ ದಿನದ ಪಾಸ್ 80 ರೂಪಾಯಿ ಆಯಿತು. ನಾಲ್ವರಿಗೂ ಕೊಂಡರೆ 320. ಪಾಸಿನ ಯೋಚನೆ ಮಾಡಬೇಕಾದವನು ಮನೆಯ ಯಜಮಾನನೊಬ್ಬನೇ. ಅವನ ಆ ದಿನದ ಟಿಕೆಟ್ಟುಗಳ ಮೊತ್ತ ಎಂಬತ್ತು ದಾಟುವಂತಿದ್ದರೆ ಮಾತ್ರ ಪಾಸ್ ಗಿಟ್ಟುತ್ತದೆ. ಬನ್ನೇರುಘಟ್ಟಕ್ಕೆ 365ನೇ ನಂಬರ್ ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ಇನ್ನೆರಡು ಕಡೆ ಸುತ್ತುವ ದಿನ ಅದು ಗಿಟ್ಟೀತು. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಮಲ್ಲೇಶ್ವರ ಎಂದು ಊರ ನಡುವೆಯೇ ಓಡಾಡುವ ದಿನ ಖಂಡಿತ ಇಲ್ಲ.

ಮೆಟ್ರೊ ಹತ್ತಿದೊಡನೆ ಈ ಲೆಕ್ಕ ತಲೆಕೆಳಗು. ಅಲ್ಲಿ ಶಕ್ತಿ ಇಲ್ಲ, ಅರ್ಧ ಟಿಕೆಟ್ಟೂ ಇಲ್ಲ. ಮೂರು ಅಡಿ ಮೀರಿದ ಮಗುವಿಗೂ ಪೂರ್ತಿ ದರ. 2025ರ ಫೆಬ್ರುವರಿಯ ದರದಂತೆ ಎರಡರಿಂದ ನಾಲ್ಕು ಕಿ.ಮೀ.ಗೆ 20 ರೂಪಾಯಿ, ಎಂಟರಿಂದ ಹತ್ತು ಕಿ.ಮೀ.ಗೆ 50, ಎಷ್ಟೇ ದೂರವಾದರೂ ಹೆಚ್ಚೆಂದರೆ 90. ಸ್ಮಾರ್ಟ್ ಕಾರ್ಡ್‌ಗೆ ಶೇ 5ರಷ್ಟು ರಿಯಾಯಿತಿ ಎಂದು ಕೇಳಿ ಎಲ್ಲರಿಗೂ ಒಂದೊಂದು ಕೊಳ್ಳುವವರಿದ್ದಾರೆ. ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬೇಕು. ಕಾರ್ಡಿಗೇ 50 ರೂಪಾಯಿ, ಗೇಟು ತೆರೆಯಬೇಕಾದರೆ ಅದರಲ್ಲಿ ಕನಿಷ್ಠ 90 ರೂಪಾಯಿ ಇರಬೇಕು. ಶೇ 5ರ ಲೆಕ್ಕದಲ್ಲಿ ಆ ಐವತ್ತು ಮರಳಿ ಬರಬೇಕಾದರೆ ಒಬ್ಬೊಬ್ಬರೂ ಸಾವಿರ ರೂಪಾಯಿಯಷ್ಟು ಪ್ರಯಾಣ ಮಾಡಬೇಕು. ಭಾನುವಾರಗಳ ಶೇ 10ನ್ನೇ ಹಿಡಿದರೂ ಐನೂರು. ಮೂರು ದಿನಕ್ಕೆಂದು ಬಂದವರಿಗೆ ಇದು ಎಟುಕುವ ಮಾತಲ್ಲ. ಅದೇ ವರ್ಷದ ದರಪಟ್ಟಿಯಲ್ಲಿದ್ದ 300 ರೂಪಾಯಿಯ ಒಂದು ದಿನದ ಟೂರಿಸ್ಟ್ ಕಾರ್ಡಿನ ಪಾಡೂ ಅಷ್ಟೇ: ಇಪ್ಪತ್ತು ರೂಪಾಯಿಯ ಪ್ರಯಾಣವನ್ನು ದಿನಕ್ಕೆ ಹದಿನೈದು ಸಲ ಮಾಡಿದರೆ ಅಸಲು ಬರುತ್ತದೆ. ನಾಲ್ಕು ದಿನದ ಅತಿಥಿಗಳಿಗೆ ಮೊಬೈಲಿನ ಕ್ಯೂಆರ್ ಟಿಕೆಟ್ ಸಾಕು. ಒಂದೇ ಕ್ಯೂಆರ್‌ನಲ್ಲಿ ಆರು ಜನರವರೆಗೆ ಟಿಕೆಟ್ ತೆಗೆಯಬಹುದು, ಕೌಂಟರಿನ ಸಾಲೂ ತಪ್ಪುತ್ತದೆ.

ಇಷ್ಟೆಲ್ಲ ತಲೆನೋವು ಏಕೆ, ನಾಲ್ಕು ಜನರಿದ್ದಾಗ ಆಟೊ ಹಿಡಿದರಾಯಿತಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2025ರ ಆಗಸ್ಟ್‌ನಿಂದ ಆಟೊ ಮೀಟರ್ ಮೊದಲ ಎರಡು ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18 ರೂಪಾಯಿ. ನಾಲ್ಕು ಕಿ.ಮೀ.ಗೆ 72 ರೂಪಾಯಿ ಆಯಿತು. ಅಷ್ಟೇ ದೂರಕ್ಕೆ ಮೆಟ್ರೊದಲ್ಲಿ ನಾಲ್ವರಿಗೆ 80. ಹತ್ತು ಕಿ.ಮೀ.ಗೂ ಆಟೊಗೆ 180, ಮೆಟ್ರೊಗೆ 200. ಹದಿನೈದು ಕಿ.ಮೀ. ಹೊತ್ತಿಗೆ ಮಾತ್ರ ಮೆಟ್ರೊ ಮುಂದಾಗುತ್ತದೆ: 240ಕ್ಕೆ 270. ಆದರೆ ಇದೆಲ್ಲ ಮೀಟರ್ ಹಾಕಿದರೆ ಎಂಬ ದೊಡ್ಡ ‘ರೆ’ಯ ಮೇಲೆ ನಿಂತ ಲೆಕ್ಕ. ಆಟೊದ ಪರ್ಮಿಟ್ ಇರುವುದೂ ಮೂವರು ಪ್ರಯಾಣಿಕರಿಗೆ. ನಾಲ್ಕನೆಯವರ ನೆಪದಲ್ಲಿ ಚೌಕಾಸಿ ಶುರುವಾಗುವುದೂ ಅಲ್ಲಿಂದಲೇ. ಹಾಗಾಗಿ ಹತ್ತಿರಕ್ಕೆ ಬಸ್ಸು, ಊರಿನ ಈ ತುದಿಯಿಂದ ಆ ತುದಿಗೆ ಮೆಟ್ರೊ, ಅತ್ತೆಗೆ ಕಾಲು ನೋವು ಬಂದ ಸಂಜೆಗೆ ಆಟೊ ಎಂದು ಹಂಚಿಕೊಳ್ಳುವುದು ಜಾಣತನ.

ಬಸ್ಸಿನಲ್ಲಿ ನೂಕುನುಗ್ಗಲು, ರಜೆಯೆಲ್ಲ ನಿಂತೇ ಕಳೆಯಬೇಕೇ ಎನ್ನುವವರೂ ಇದ್ದಾರೆ. ಆಫೀಸಿನ ಹೊತ್ತಿಗೆ ಅದು ನಿಜ. ಆದರೆ ರಜೆಗೆ ಬಂದವರಿಗೆ ಒಂಬತ್ತು ಗಂಟೆಯ ಹಾಜರಿ ಇಲ್ಲವಲ್ಲ. ಬೆಳಿಗ್ಗೆ ಹನ್ನೊಂದರ ನಂತರ ಹೊರಟು ನಾಲ್ಕರೊಳಗೆ ಮರಳಿದರೆ ಸೀಟು ಸಿಗುವ ಸಾಧ್ಯತೆ ಹೆಚ್ಚು. ದುಡಿಯುವ ಹೆಣ್ಣುಮಕ್ಕಳಿಗೆಂದು ಬಂದ ಯೋಜನೆಯನ್ನು ವಿಹಾರಕ್ಕೆ ಬಳಸುವುದು ಸರಿಯೇ ಎಂಬ ಸಂಕೋಚಕ್ಕೂ ಕಾರಣವಿಲ್ಲ. ಎಲ್ಲಿಗೆ, ಏಕೆ ಎಂದು ಯೋಜನೆ ಕೇಳುವುದಿಲ್ಲ. ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡುತ್ತದೆ. ಅದಕ್ಕೇ ದುಡ್ಡಿಲ್ಲದಿದ್ದರೂ ಟಿಕೆಟ್ ಕೇಳಿ ಪಡೆಯಲೇಬೇಕು.

ಎಡವುವುದು ಸಣ್ಣ ಸಂಗತಿಗಳಲ್ಲಿ. ಹೆಂಗಸರು ಮುಂದಿನ ಬಾಗಿಲಲ್ಲಿ ಹತ್ತಿ ಮುಂದೆ ಕೂರುತ್ತಾರೆ, ಎಲ್ಲರ ಆಧಾರ್ ಕಾರ್ಡು ಹಿಂದೆ ನಿಂತ ಗಂಡನ ಬ್ಯಾಗಿನಲ್ಲಿರುತ್ತದೆ. ಕಂಡಕ್ಟರ್ ಗುರುತಿನ ಚೀಟಿ ಕೇಳಿದಾಗ ಬಸ್ಸಿಡೀ ಕೂಗಾಟ. ಅವರವರ ಚೀಟಿ ಅವರವರ ಕೈಯಲ್ಲಿರಲಿ. ಅದರಲ್ಲಿ ಕರ್ನಾಟಕದ ವಿಳಾಸವೇ ಇರಬೇಕು; ಮುಂಬೈಯಿಂದ ಬಂದ ನಾದಿನಿ ಮನೆಯಲ್ಲಿ ಎಷ್ಟೇ ಸ್ವಚ್ಛ ಕನ್ನಡ ಆಡಿದರೂ ಟಿಕೆಟ್ಟಿಗೆ ದುಡ್ಡು ಕೊಡಲೇಬೇಕು. ನಿಲ್ದಾಣಕ್ಕೆ ಮೊದಲು ಬಂತೆಂದು ಎಸಿ ವಜ್ರ ಹತ್ತಿದರಂತೂ ಶೂನ್ಯ ಟಿಕೆಟ್ ಯಾರಿಗೂ ಇಲ್ಲ.