ಸರ್ವರ್ ಯೋಜನೆಯಲ್ಲಿ ಕಡತಗಳ ವಿನ್ಯಾಸ

1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯ ಕಾರ್ಯಕ್ಷೇತ್ರ ಬಹುಕಾಲ ಮುಖ್ಯವಾಗಿ ಬ್ರೌಸರಿನ ಒಳಗೇ ಇದ್ದಿತು. 2009ರಲ್ಲಿ ರಯಾನ್ ಡಾಲ್ ಅವರು ನೋಡ್ ಜೆಎಸ್ ಎಂಬ ವ್ಯವಸ್ಥೆಯನ್ನು ಹೊರತಂದ ಮೇಲೆ ಅದೇ ಭಾಷೆ ಸರ್ವರ್‌ನಲ್ಲಿಯೂ ವ್ಯಾಪಕವಾಗಿ ಬೇರೂರಿತು. ಇದರ ಮೇಲೆ ನಿಂತ ಎಕ್ಸ್‌ಪ್ರೆಸ್ ಎಂಬ ಚೌಕಟ್ಟು, ಕಡತಗಳನ್ನು ಎಲ್ಲಿಡಬೇಕೆಂಬ ವಿಷಯದಲ್ಲಿ ಯಾವ ಕಟ್ಟಳೆಯನ್ನೂ ವಿಧಿಸುವುದಿಲ್ಲ. ಈ ಸ್ವಾತಂತ್ರ್ಯವೇ ಅನೇಕರಿಗೆ ತೊಡಕಾಗಿ ಪರಿಣಮಿಸಿದೆ.

ಆರಂಭದಲ್ಲಿ ಎಲ್ಲವನ್ನೂ ಒಂದೇ ಕಡತದಲ್ಲಿ ಬರೆಯುವುದು ವಾಡಿಕೆ. ಐವತ್ತು ಅರವತ್ತು ಸಾಲುಗಳ ಮಟ್ಟಿಗೆ ಇದು ದೋಷವಲ್ಲ; ಅಷ್ಟು ಸಣ್ಣ ಕೆಲಸಕ್ಕೆ ಹತ್ತು ಕೋಶಗಳನ್ನು ತೆರೆಯುವುದು ಆಡಂಬರವೇ ಸರಿ. ಆದರೆ ಯೋಜನೆ ಬೆಳೆದಂತೆ ವಿಂಗಡಣೆ ಅನಿವಾರ್ಯ. ಶಾಲೆಯೊಂದರ ಗ್ರಂಥಾಲಯಕ್ಕಾಗಿ ಇಂತಹ ಯೋಜನೆಯನ್ನು ಸಿದ್ಧಪಡಿಸುವುದಾಗಿ ಭಾವಿಸೋಣ. ಒಂದು ಕ್ರಮದಲ್ಲಿ, ವಿಳಾಸಗಳನ್ನು ಗುರುತಿಸುವ ರೂಟ್‌ಗಳು, ಬೇಡಿಕೆಯನ್ನು ಸ್ವೀಕರಿಸಿ ಉತ್ತರವೀಯುವ ಕಂಟ್ರೋಲರ್‌ಗಳು, ನಿಯಮಗಳನ್ನು ಹೊತ್ತ ಸರ್ವಿಸ್‌ಗಳು, ದತ್ತಾಂಶವನ್ನು ನಿರೂಪಿಸುವ ಮಾಡೆಲ್‌ಗಳು ಬೇರೆ ಬೇರೆ ಕೋಶಗಳಲ್ಲಿರುತ್ತವೆ. ಇನ್ನೊಂದು ಕ್ರಮದಲ್ಲಿ ಪುಸ್ತಕ, ಸದಸ್ಯ, ದಂಡ ಎಂಬ ವಿಷಯಗಳಿಗೇ ಒಂದೊಂದು ಕೋಶ. ಆಯಾ ವಿಷಯದ ರೂಟ್, ಕಂಟ್ರೋಲರ್, ಮಾಡೆಲ್ ಎಲ್ಲವೂ ಅಲ್ಲಿಯೇ. ದಂಡಕ್ಕೆ ಹೊಸ ವಿವರವೊಂದನ್ನು ಸೇರಿಸಬೇಕಾದಾಗ ಮೊದಲ ಕ್ರಮದವನು ನಾಲ್ಕು ಕೋಶಗಳನ್ನು ತಡಕಬೇಕು. ಎರಡನೆಯವನಿಗೆ ಒಂದು ಸಾಕು. ಯೋಜನೆ ದೊಡ್ಡದಾದಷ್ಟೂ ಎರಡನೆಯ ಕ್ರಮವೇ ಮೇಲೆನ್ನಬೇಕು. ಎರಡರಲ್ಲಿಯೂ ದಂಡದ ಲೆಕ್ಕಾಚಾರವು ಕಂಟ್ರೋಲರಿನಿಂದ ಹೊರಗಿರತಕ್ಕದ್ದು. ಹಾಗಿದ್ದರೆ ಸರ್ವರನ್ನು ಚಾಲನೆಗೊಳಿಸದೆಯೇ ಆ ಲೆಕ್ಕವನ್ನು ಪರೀಕ್ಷಿಸಿ ನೋಡಬಹುದು.

ಅಂದಚೆಂದಕ್ಕಿಂತ ಗುರುತರವಾದ ಪ್ರಶ್ನೆ ಭದ್ರತೆಯದು. ಚಿತ್ರ, ಶೈಲಿಪತ್ರ ಮೊದಲಾದವುಗಳನ್ನು ಪಬ್ಲಿಕ್ ಎಂಬ ಕೋಶದಲ್ಲಿಟ್ಟು, ಅದೊಂದನ್ನೇ ಹೊರಗಿನವರಿಗೆ ತೆರೆದಿಡುವುದು ರೂಢಿ. ಅಜಾಗರೂಕತೆಯಿಂದ ಯೋಜನೆಯ ಮೂಲಕೋಶವನ್ನೇ ತೆರೆದಿಟ್ಟರೆ, ಸಂಕೇತಪದಗಳಿರುವ ಸಂರಚನಾ ಕಡತವನ್ನು ಯಾರು ಬೇಕಾದರೂ ಓದಿಕೊಳ್ಳಬಹುದು. ದಾಸೋಹದ ಪಂಕ್ತಿ ಸರ್ವರಿಗೂ ಮುಕ್ತ. ಉಗ್ರಾಣದ ಬೀಗದ ಕೈ ಮಾತ್ರ ಉಗ್ರಾಣಿಕನದೇ. ಸಂಕೇತಪದಗಳನ್ನು ಪ್ರತ್ಯೇಕ ಕಡತದಲ್ಲಿಟ್ಟು, ಆ ಕಡತವನ್ನು ಗಿಟ್ ದಾಖಲೆಯಿಂದ ಹೊರಗಿಡಬೇಕು. ಒಮ್ಮೆ ದಾಖಲೆಗೆ ಸೇರಿದ ಬಳಿಕ ಅಳಿಸಿದರೂ ಅದು ಹಳೆಯ ಆವೃತ್ತಿಗಳಲ್ಲಿ ಉಳಿದೇ ಇರುತ್ತದೆ. ಆಗ ಸಂಕೇತಪದವನ್ನೇ ಬದಲಾಯಿಸುವುದಲ್ಲದೆ ಗತ್ಯಂತರವಿಲ್ಲ. ಹೊರಗಿನಿಂದ ತರಿಸಿಕೊಂಡ ಘಟಕಗಳ ಕೋಶವಾದ ನೋಡ್ ಮಾಡ್ಯೂಲ್ಸ್ ಕೂಡ ದಾಖಲೆಗೆ ಬೇಡ. ಅವುಗಳ ಪಟ್ಟಿಯಿದ್ದರೆ ಮತ್ತೆ ತರಿಸಿಕೊಳ್ಳಬಹುದು.

ಹೆಸರಿಡುವುದರಲ್ಲಿಯೂ ಎಚ್ಚರ ಬೇಕು. ವಿಂಡೋಸ್ ಸಾಮಾನ್ಯವಾಗಿ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಭೇದವೆಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಆದಕಾರಣ ಮನೆಯ ಯಂತ್ರದಲ್ಲಿ ಸುಸೂತ್ರವಾಗಿ ನಡೆದ ಯೋಜನೆ, ಲಿನಕ್ಸ್ ಸರ್ವರಿಗೆ ಏರಿಸಿದ ಕೂಡಲೇ ಕಡತ ಕಾಣದೆಂದು ನಿಂತುಬಿಡುವುದುಂಟು. ಹೆಸರುಗಳೆಲ್ಲವೂ ಸಣ್ಣ ಅಕ್ಷರಗಳಲ್ಲಿದ್ದರೆ ಈ ಪ್ರಸಂಗವೇ ಒದಗದು. ತಪ್ಪು ಕಂಡ ಮೇಲೆ ಅಕ್ಷರವನ್ನಷ್ಟೇ ತಿದ್ದಿದರೆ ವಿಂಡೋಸ್‌ನಲ್ಲಿರುವ ಗಿಟ್ ಆ ಬದಲಾವಣೆಯನ್ನು ಗಮನಿಸದೆಯೂ ಹೋಗಬಹುದು. ಗಿಟ್‌ನದೇ ಸ್ಥಳಾಂತರದ ಆದೇಶವನ್ನು ಬಳಸಿ ಹೆಸರನ್ನು ಬದಲಿಸತಕ್ಕದ್ದು.