‘ಫೈನಲ್’ ನಕ್ಷೆ ಯಾವುದ್ರಿ?

ಸೇಡಂ ಊರ ಹೊರಗೆ ಕಂಬಗಳಷ್ಟೇ ಎದ್ದು ನಿಂತ ಮನೆ. ವಾಡಿಯಿಂದ ಬಂದ ಸಿಮೆಂಟ್ ಚೀಲಗಳ ಮೇಲೆ ತಾಡಪತ್ರಿ. ಅದರ ಮಗ್ಗುಲಲ್ಲಿ ಗೌಂಡಿ ತಲೆಗೆ ಟವೆಲ್ ಸುತ್ತಿ, ಬಿಸಿಲಿಗೆ ಅಂಗೈ ಮರೆಮಾಡಿ ಮೊಬೈಲ್ ನೋಡುತ್ತಿದ್ದಾನೆ. ಸೀಳಿದ ಗಾಜಿನ ಮೇಲೆ ಎರಡು ಬೆರಳಿಟ್ಟು ನಕ್ಷೆ ಹಿಗ್ಗಿಸಿದರೂ ಅಡುಗೆಮನೆಯ ಅಳತೆ 10 ಅಡಿಯೋ 16 ಅಡಿಯೋ ಗೊತ್ತಾಗುತ್ತಿಲ್ಲ. ನಕ್ಷೆಯನ್ನು ಫೋಟೊ ಮಾಡಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ, ಅಂಕಿ ಮಸುಕಾಗುತ್ತದೆ.

ಗ್ರೂಪಿನ ಹೆಸರು ‘ಸೇಡಂ ಮನಿ’. ಆಟೊಕ್ಯಾಡ್‌ನಲ್ಲಿ ಗೆರೆ ಎಳೆಯುವ ಎಂಜಿನಿಯರ್ ಕಲಬುರಗಿಯಲ್ಲಿ, ಮಾಲೀಕ ಪುಣೆಯಲ್ಲಿ, ವೈರಿಂಗ್‌ನವ ಚಿತ್ತಾಪುರದಲ್ಲಿ, ಫರ್ಸಿ ವ್ಯಾಪಾರಿ ಶಹಾಬಾದಿನಲ್ಲಿ. ಮಾಲೀಕನ ತಾಯಿ ಸದ್ಯ ಚಿಂಚೋಳಿಯ ಮಗಳ ಮನೆಯಲ್ಲಿದ್ದಾರೆ, ಫೋನು ಮೊಮ್ಮಗನ ಕೈಯಲ್ಲಿ. ಇವರಾರೂ ತಮ್ಮನ್ನು ವಿನ್ಯಾಸ ತಂಡ ಎಂದು ಕರೆದುಕೊಂಡಿಲ್ಲ. ಮಾಡುತ್ತಿರುವುದು ಮಾತ್ರ ಅದನ್ನೇ.

ತಾಯಿಯ ವಾಯ್ಸ್ ಮೆಸೇಜ್ ಕೇಳಿ: “ಎಲ್ಲಾ ಚಂದ ಅದ. ನಾ ಕುಂತು ರೊಟ್ಟಿ ಬಡೀಲಿಕ್ಕ ಜಾಗ ಎಲ್ಲದಪಾ ಇದ್ರಾಗ?” ಗ್ರೂಪು ಇಡೀ ಮಧ್ಯಾಹ್ನ ಮೌನ. ನಿಂತು ಅಡುಗೆ ಮಾಡುವ ಕಟ್ಟೆಯನ್ನಷ್ಟೇ ಬರೆದಿದ್ದ ಎಂಜಿನಿಯರ್ ಮರುದಿನ ಹೊಸ ಪಿಡಿಎಫ್ ಹಾಕಿದ. ಕಟ್ಟೆ ಮೋಟಾಗಿದೆ, ಕಿಟಕಿ ಕೆಳಗೆ ನೆಲದ ಮೇಲೆ ಒಲೆಗೆ ಜಾಗ ಬಂದಿದೆ. ಕಡತದ ಹೆಸರು ‘ಫೈನಲ್-2’.

ಶಹಾಬಾದಿನ ವ್ಯಾಪಾರಿಯದು ಇನ್ನೊಂದು ಬಗೆ. ಫೋಟೊದಲ್ಲಿ ಫರ್ಸಿ ಬರೀ ಬೂದಿ ಬಣ್ಣ ಕಾಣುತ್ತದೆಂದು ಬಲ್ಲವನು. ವಿಡಿಯೊ ಹಚ್ಚಿ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿಯುತ್ತಾನೆ. ಧೂಳು ಹರಿದುಹೋಗಿ ಒಳಗಿನ ನೀಲಿ ಛಾಯೆ ಮೇಲೆದ್ದು ಬರುತ್ತದೆ. “ಪಾಲಿಶ್ ಆದ್ಮ್ಯಾಲ ಹಿಂಗ ಕಾಣ್ತದ ನೋಡ್ರಿ ಸಾಹೇಬ್ರ.” ಪುಣೆಯಿಂದ ಹೆಬ್ಬೆರಳು ಬರುತ್ತದೆ, ಪಡಸಾಲೆಯ ನೆಲ ನಿರ್ಧಾರವಾಗುತ್ತದೆ.

ಹೀಗೆ ದೂರದಲ್ಲಿರುವವರು ಒಂದೇ ಪರದೆಯಲ್ಲಿ ಕೂಡಿ ಕೆಲಸ ಮಾಡುವುದನ್ನು ಕಂಪ್ಯೂಟರ್ ಸಂಶೋಧಕ ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಡಿ ತೋರಿಸಿದ್ದು 1968ರಲ್ಲಿ. ಇಂಥ ತಂಡಗಳ ಮಾತುಕತೆಯನ್ನೇ ಅಧ್ಯಯನ ಮಾಡುವವರೂ ಇದ್ದಾರೆ. 1994ರಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್‌ನಲ್ಲಿ ಸೇರಿದ ಸಂಶೋಧಕರ ಮುಂದೆ ಇದ್ದದ್ದು, ಸೈಕಲ್‌ಗೆ ಬೆನ್ನುಚೀಲ ಕಟ್ಟುವ ಸಾಧನವನ್ನು ಮೂವರು ಎರಡು ತಾಸು ಕೂತು ವಿನ್ಯಾಸ ಮಾಡಿದ ವಿಡಿಯೊ. ಯಾರು ಏನಂದರು, ಯಾವ ಮಾತಿಗೆ ಗೆರೆ ಬದಲಾಯಿತು ಎಂದು ಅದನ್ನು ಹಿಂಜಿ ಹಿಂಜಿ ನೋಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮರೇಶ್ ಚಕ್ರಬರ್ತಿ ಮತ್ತು ಸಂಗಡಿಗರು ವಿನ್ಯಾಸಕಾರರ ಕೆಲಸದ ರೀತಿಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ‘ಸೇಡಂ ಮನಿ’ ಗ್ರೂಪಿನಲ್ಲಿ ಇಂಥ ಸಂಶೋಧಕರಿಗೆ ಬೇಕಾದದ್ದೆಲ್ಲ ಕ್ಯಾಮೆರಾ ಇಡದೆಯೇ ದಾಖಲಾಗುತ್ತಿದೆ. ತೊಡಕೆಂದರೆ ಶುಭೋದಯದ ಗುಲಾಬಿ, ಮಳೆಯ ವಿಡಿಯೊ, ಯಾರದೋ ಹುಟ್ಟುಹಬ್ಬ, ಇವುಗಳಡಿ ಅದೆಲ್ಲ ಹೂತುಹೋಗುತ್ತದೆ. ಫೋನು ತುಂಬಿತೆಂದು ಒಂದು ದಿನ ಅಳಿಸಿಯೂ ಬಿಡುತ್ತಾರೆ.

ಮಾತು ಹೀಗೆ ಕಳೆದುಹೋಗುವುದು ಹೊಸದೇನಲ್ಲ. ಇದೇ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಸುಣ್ಣಕಲ್ಲಿನ ಸ್ತೂಪವಿದೆ. ಚಪ್ಪಡಿಯೊಂದರಲ್ಲಿ ಅಶೋಕನ ಚಿತ್ರ, ಜೊತೆಗೆ ಅವನ ಹೆಸರು. ಆ ಚಪ್ಪಡಿಗಳನ್ನು ಕೊರೆದವರು ತಮ್ಮ ತಮ್ಮಲ್ಲಿ ಏನು ವಾದಿಸಿದರೋ, ಎಷ್ಟು ಸಲ ಬದಲಿಸಿದರೋ ಕಲ್ಲು ಹೇಳುವುದಿಲ್ಲ.

ಇಂಥ ಕೆಲಸಕ್ಕೆ ವಾಟ್ಸ್ಆ್ಯಪ್ ಬಡ ಸಾಧನವೆಂಬ ದೂರು ನನಗೆ ಒಪ್ಪಿಗೆಯಿಲ್ಲ. ಖಣಿಯಿಂದ ಪುಣೆಯವರೆಗೆ ಎಲ್ಲರ ಕೈಯಲ್ಲೂ ಇರುವುದು ಇದೊಂದೇ. ಕೆಟ್ಟಿರುವುದು ನಮ್ಮ ರೂಢಿ. ಮೊನ್ನೆ ಗೌಂಡಿ ಕೇಳಿದ ಪ್ರಶ್ನೆ ಇದು: “ಸಾಹೇಬ್ರ, ಫೈನಲ್ ಅಂತ ಮೂರು ನಕ್ಷೆ ಅವ. ಯಾವುದರ ಪ್ರಕಾರ ಕಟ್ಟಲ್ರಿ?” ಎಂಜಿನಿಯರರೇ, ‘ಫೈನಲ್’ ಪದ ಬಿಟ್ಟು ತಾರೀಖು ಹಾಕಿ. ನಕ್ಷೆಯನ್ನು ಫೋಟೊ ಮಾಡದೆ ಡಾಕ್ಯುಮೆಂಟ್ ಆಗಿ ಕಳಿಸಿ. ಏನು ಬದಲಾಯಿತು, ಯಾರ ಮಾತಿಗೆ ಬದಲಾಯಿತು ಎಂದು ಕೆಳಗೆ ಒಂದು ಸಾಲು ಕನ್ನಡದಲ್ಲಿ ಬರೆಯಿರಿ.