ಎರಡೂವರೆ ಗಳಿಗೆಯ ಮಾತು

ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಆಗಬೇಕೆಂದು ಗೊತ್ತಾದೊಡನೆ ನಮ್ಮ ಜನ ಮೊದಲು ಕೈಗೆತ್ತಿಕೊಳ್ಳುವುದು ಪಂಚಾಂಗವನ್ನು. ಮಂಗಳವಾರ ಬೇಡ, ರಾಹುಕಾಲ ತಪ್ಪಬೇಕು, ಅಮಾವಾಸ್ಯೆ ಕಳೆಯಲಿ ಎಂಬ ಮಾತುಗಳನ್ನು ಆಸ್ಪತ್ರೆಯ ಅಂಗಳದಲ್ಲಿ ಕೇಳದವರು ವಿರಳ. ಇದನ್ನು ಹಾಸ್ಯಮಾಡುವ ಉದ್ದೇಶ ನನಗಿಲ್ಲ. ಕತ್ತಿಗೆ ಮೈಯೊಡ್ಡುವವನಿಗೆ ಮನಸ್ಸಿನ ಧೈರ್ಯವೂ ಬೇಕಷ್ಟೆ. ಆದರೆ ಶಸ್ತ್ರಚಿಕಿತ್ಸೆಗೆ ಇನ್ನೊಂದು ಮುಹೂರ್ತವುಂಟು. ಅದು ಯಾವ ಪಂಚಾಂಗದಲ್ಲಿಯೂ ಸಿಕ್ಕದು. ಕತ್ತಿ ಚರ್ಮವನ್ನು ಮುಟ್ಟುವುದಕ್ಕೆ ಮುಂಚಿನ 60 ನಿಮಿಷ, ನಮ್ಮ ಹಿರಿಯರ ಲೆಕ್ಕದಲ್ಲಿ ಎರಡೂವರೆ ಗಳಿಗೆ, ಅದರ ಅವಧಿ. ಗಾಯದಲ್ಲಿ ಕೀವಾಗದಂತೆ ಕಾಯುವ ಪ್ರತಿಜೀವಕ ಔಷಧ ರೋಗಿಯ ರಕ್ತವನ್ನು ಸೇರಬೇಕಾದುದು ಆ ಹೊತ್ತಿನಲ್ಲಿ.

ಕೀವಿನ ಭಯ ಹಿಂದೆ ಎಷ್ಟು ದೊಡ್ಡದಾಗಿತ್ತೆಂಬುದು ಇಂದಿನವರ ಊಹೆಗೂ ನಿಲುಕದು. ಮೂಳೆ ಮುರಿದು ಚರ್ಮವನ್ನು ಸೀಳಿ ಹೊರಬಂದಿತೆಂದರೆ, ಆ ಕಾಲನ್ನೇ ಕತ್ತರಿಸುವುದು ಜೀವವುಳಿಸುವ ದಾರಿಯೆಂದು ಒಂದು ಕಾಲದ ವೈದ್ಯರು ಬಗೆದಿದ್ದರು. 1865ರ ಆಗಸ್ಟಿನಲ್ಲಿ ಗ್ಲಾಸ್ಗೋ ನಗರದ ಆಸ್ಪತ್ರೆಗೆ, ಗಾಡಿಯ ಚಕ್ರ ಹರಿದು ಕಾಲು ಮುರಿದ 11 ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಹುಡುಗನನ್ನು ತಂದರು. ಜೋಸೆಫ್ ಲಿಸ್ಟರ್ ಆ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿಸಿದರು. ಕೀವಾಗಲಿಲ್ಲ, ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಕ್ರಿಮಿಯನ್ನು ಗಾಯದ ಹೊರಗೇ ತಡೆಯಬಹುದೆಂಬುದು ಹೀಗೆ ಲೋಕಕ್ಕೆ ತಿಳಿಯಿತು.

1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗರು ಕಂಡ ಪೆನಿಸಿಲಿನ್, 1940ರ ದಶಕದಲ್ಲಿ ವೈದ್ಯರ ಕೈಗೆ ಬಂದಾಗ, ಇನ್ನು ಕೀವಿನ ಕಥೆ ಮುಗಿಯಿತೆಂದೇ ಅನೇಕರು ಭಾವಿಸಿದರು. ಶಸ್ತ್ರವೈದ್ಯರು ಹೊಲಿಗೆ ಹಾಕಿಯಾದ ಮೇಲೆ ದಿನಗಟ್ಟಲೆ ಅದನ್ನು ಕೊಡತೊಡಗಿದರು. ಆಶ್ಚರ್ಯವೆಂದರೆ, ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಔಷಧವೇ ನಿಷ್ಪ್ರಯೋಜಕವೇನೋ ಎಂಬ ಸಂದೇಹವೂ ಹುಟ್ಟಿತು.

ಈ ಒಗಟನ್ನು ಬಿಡಿಸಿದುದು ಗಿನಿಯಿಲಿಗಳ ಮೇಲೆ ನಡೆದ ಒಂದು ಸರಳವಾದ ಪ್ರಯೋಗ. ಲಂಡನ್ನಿನಲ್ಲಿ, ಲಿಸ್ಟರರ ಹೆಸರನ್ನೇ ಹೊತ್ತ ಸಂಸ್ಥೆಯ ಆಶ್ಲೆ ಮೈಲ್ಸ್ ಮತ್ತು ಅವರ ಜೊತೆಗಾರರು, ಚರ್ಮದಲ್ಲಿ ಕ್ರಿಮಿ ನೆಲೆಯೂರುವ ಮೊದಲ ಕೆಲವು ಗಂಟೆಗಳೇ ನಿರ್ಣಾಯಕವೆಂದು 1957ರಲ್ಲಿ ತೋರಿಸಿದರು. ಆ ಜೊತೆಗಾರರಲ್ಲೊಬ್ಬರಾದ ಅಮೆರಿಕದ ಶಸ್ತ್ರವೈದ್ಯ ಜಾನ್ ಬರ್ಕ್ 1961ರಲ್ಲಿ ಮತ್ತೊಂದು ಹೆಜ್ಜೆ ಮುಂದೆ ಹೋದರು. ಪ್ರಾಣಿಯ ಚರ್ಮಕ್ಕೆ ಕ್ರಿಮಿಯನ್ನು ಚುಚ್ಚಿ, ಕೆಲವಕ್ಕೆ ಮುಂಚೆಯೇ, ಕೆಲವಕ್ಕೆ ಅದೇ ಕ್ಷಣದಲ್ಲಿ, ಕೆಲವಕ್ಕೆ ತಡವಾಗಿ ಪೆನಿಸಿಲಿನ್ ಕೊಟ್ಟರು. ಮುಂಚೆ ಕೊಟ್ಟುದರಲ್ಲಿ ಹುಣ್ಣು ಸತ್ತ ಕ್ರಿಮಿಯನ್ನು ಚುಚ್ಚಿದಾಗ ಆಗುವಷ್ಟೇ ಆಯಿತು. ಮೂರು ಗಂಟೆ ಕಳೆದ ಮೇಲೆ ಕೊಟ್ಟುದಕ್ಕೂ ಏನನ್ನೂ ಕೊಡದುದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಇದರ ಕಾರಣ ತಿಳಿಯುವುದು ಕಷ್ಟವಲ್ಲ. ಎಷ್ಟೇ ತೊಳೆದರೂ ಚರ್ಮದ ಒಳಪದರಗಳಲ್ಲಿ ಕ್ರಿಮಿಗಳು ಉಳಿದೇ ಇರುತ್ತವೆ. ಕತ್ತಿ ಇಳಿದಾಗ ಅವು ಗಾಯಕ್ಕೆ ಬೀಳುತ್ತವೆ. ರಕ್ತನಾಳಗಳು ತುಂಡಾಗಿ, ರಕ್ತ ಹೆಪ್ಪುಗಟ್ಟಿ, ಹೊಲಿಗೆಯ ದಾರ ಬಿಗಿದಿರುವ ಆ ಸ್ಥಳಕ್ಕೆ ಆಮೇಲೆ ಔಷಧ ಸರಿಯಾಗಿ ತಲುಪಲಾರದು. ಮೊದಲೇ ರಕ್ತದಲ್ಲಿದ್ದರೆ, ಕ್ರಿಮಿ ಬೀಳುವ ಹೊತ್ತಿಗೆ ಔಷಧವೂ ಅಲ್ಲಿಯೇ ಇರುತ್ತದೆ.

ಇಲಿಗಳ ಮಾತು ಮನುಷ್ಯರಿಗೂ ಸಲ್ಲುವುದೇ ಎಂದು ಕೇಳಬಹುದು. ಅಮೆರಿಕದ ಸಾಲ್ಟ್ ಲೇಕ್ ನಗರದ ಆಸ್ಪತ್ರೆಯೊಂದರಲ್ಲಿ 2847 ರೋಗಿಗಳನ್ನು ಗಮನಿಸಿ, 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕತ್ತಿ ಇಡುವ ಮುಂಚಿನ ಎರಡು ಗಂಟೆಗಳೊಳಗೆ ಔಷಧ ಪಡೆದವರಲ್ಲಿ ಗಾಯ ಕೆಟ್ಟುದು 1000ಕ್ಕೆ ಸುಮಾರು 6 ಮಂದಿಗೆ. ಕತ್ತಿಯಿಟ್ಟು ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ 1000ಕ್ಕೆ 33 ಮಂದಿಗೆ. ಎರಡು ಗಂಟೆಗಿಂತ ಬಹಳ ಮುಂಚೆಯೇ ಪಡೆದವರ ಗತಿಯೂ ಉತ್ತಮವಾಗಿರಲಿಲ್ಲ: 1000ಕ್ಕೆ 38. ಔಷಧ ಒಂದೇ, ಗಳಿಗೆ ಮಾತ್ರ ಬೇರೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾವನವರಿಗೆ ಹರ್ನಿಯದ ಶಸ್ತ್ರಚಿಕಿತ್ಸೆಯಾಯಿತು. ಒಳಗೆ ಬಲೆಯಿಟ್ಟು ಹೊಲಿದಿದ್ದರು. ಮರುದಿನ ಮನೆಗೆ ಹೊರಡುವಾಗ ಚೀಟಿಯಲ್ಲಿ ನೋವಿನ ಮಾತ್ರೆಯಲ್ಲದೆ ಬೇರೇನೂ ಇರಲಿಲ್ಲ. ಅಕ್ಕ ಸುಮ್ಮನಿರಲಿಲ್ಲ.

“ಏನು ಡಾಕ್ಟರಮ್ಮ, ಪಕ್ಕದ ಹಾಸಿಗೆಯವರಿಗೆ ಐದು ದಿನಕ್ಕೆ ಬರೆದುಕೊಟ್ಟಿದ್ದಾರೆ, ನಮ್ಮವರಿಗೆ ಒಂದೇ ಇಂಜೆಕ್ಷನ್ನೆ? ದುಡ್ಡಿನ ಯೋಚನೆ ಬೇಡಿ, ಬರೆದುಕೊಡಿ” ಎಂದರು.

ಆ ತರುಣ ವೈದ್ಯೆ ಬೇಸರಪಡಲಿಲ್ಲ. “ಅವರಿಗೆ ಹೊಟ್ಟೆಯೊಳಗೆ ಮೊದಲೇ ಕೀವಾಗಿತ್ತಮ್ಮ, ಅದು ರೋಗಕ್ಕೆ ಮದ್ದು. ನಿಮ್ಮ ಯಜಮಾನರಿಗೆ ಕೊಟ್ಟದ್ದು ಕಾವಲು. ಬಾಗಿಲು ತೆರೆದಿರುವಷ್ಟು ಹೊತ್ತು ಕಾವಲುಗಾರ ಬೇಕು. ಈಗ ಬಾಗಿಲು ಹಾಕಿದೆ. ಇನ್ನೂ ಐದು ದಿನ ಅವನನ್ನು ಮನೆಯೊಳಗೇ ಇಟ್ಟುಕೊಂಡರೆ ಮನೆಯವರಿಗೇ ತೊಂದರೆ” ಎಂದರು.

ಅಕ್ಕನಿಗೆ ಸಮಾಧಾನವಾಗಲಿಲ್ಲ. ಹೊರಗೆ ಬಂದು, “ಇವರ ಮಾತು ಬಿಡು, ಅಂಗಡಿಯಲ್ಲಿ ನೀನೇ ಕೇಳಿ ತಂದುಬಿಡು” ಎಂದು ನೋಟನ್ನು ನನ್ನ ಕೈಗಿತ್ತರು. ನಾನು ತರಲಿಲ್ಲ. ಒಂದು ವಾರ ಅವರು ನನ್ನೊಡನೆ ನೆಟ್ಟಗೆ ಮಾತನಾಡಲಿಲ್ಲ. ಭಾವನವರ ಗಾಯ ಮಾಗಿತು. ಒಬ್ಬರ ಗಾಯ ಮಾಗಿದುದು ಯಾವ ಸಿದ್ಧಾಂತಕ್ಕೂ ಪುರಾವೆಯಲ್ಲವೆಂಬುದನ್ನು ನಾನು ಬಲ್ಲೆ. ಪುರಾವೆ ಇರುವುದು ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಲೆಕ್ಕದಲ್ಲಿ. ಅವನ್ನೆಲ್ಲ ತೂಗಿನೋಡಿದ ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕೇವಲ ಮುನ್ನೆಚ್ಚರಿಕೆಗಾಗಿ ಈ ಔಷಧವನ್ನು ಮುಂದುವರಿಸಕೂಡದೆಂದು ಸ್ಪಷ್ಟವಾಗಿ ಹೇಳಿತು.

ಅಕ್ಕನ ಕಳವಳವನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪ್ರೀತಿ ಯಾವಾಗಲೂ ಹೆಚ್ಚು ಬಡಿಸಲು ನೋಡುತ್ತದೆ. ಆದರೆ ಅತಿಯಾದರೆ ಅಮೃತವೂ ವಿಷ. ದಿನಗಟ್ಟಲೆ ಪ್ರತಿಜೀವಕ ಸೇವಿಸಿದವನ ಕರುಳಿನಲ್ಲಿ ದುರ್ಬಲ ಕ್ರಿಮಿಗಳು ಸತ್ತು, ಔಷಧಕ್ಕೆ ಬಗ್ಗದವು ಉಳಿದು ವೃದ್ಧಿಯಾಗುತ್ತವೆ. ಕೆಲವರಿಗೆ ಉಗ್ರವಾದ ಭೇದಿಯೂ ಆಗುತ್ತದೆ. ಅಸಡ್ಡೆಯಿಂದ ಬಳಸಿದರೆ ಕ್ರಿಮಿಗಳು ಪೆನಿಸಿಲಿನ್ನಿಗೆ ಒಗ್ಗಿಕೊಳ್ಳುವುವೆಂದು ಫ್ಲೆಮಿಂಗರೇ 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಂದರ್ಭದ ಉಪನ್ಯಾಸದಲ್ಲಿ ಎಚ್ಚರಿಸಿದ್ದರು.

ಈ ಔಷಧಗಳ ಶಕ್ತಿ ಊರಿನ ಕೆರೆಯ ನೀರಿನಂತೆ. ತನ್ನ ಗದ್ದೆಗೆ ಸಾಲದಿದ್ದೀತೆಂದು ಪ್ರತಿಯೊಬ್ಬನೂ ಇರುಳೆಲ್ಲ ತೂಬು ತೆರೆದಿಟ್ಟರೆ, ಬೇಸಗೆಗೆ ಯಾರಿಗೂ ನೀರಿರದು. ಬಾಣಂತಿಯ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವುದು, ಸವೆದ ಮಂಡಿಗೆ ಲೋಹದ ಕೀಲು ಕೂಡಿಸುವುದು, ಹೃದಯವನ್ನು ತೆರೆಯುವುದು, ಇವೆಲ್ಲವೂ ಆ ಮೊದಲ ಇಂಜೆಕ್ಷನ್ನು ಕೆಲಸಮಾಡುತ್ತದೆಂಬ ನಂಬಿಕೆಯ ಮೇಲೆ ನಿಂತಿವೆ. ಅದು ಕುಂದಿದ ದಿನ ನಾವು ಲಿಸ್ಟರರ ಹಿಂದಿನ ಕಾಲದ ಕಡೆಗೆ ಮುಖಮಾಡಬೇಕಾದೀತು.

ಒಂದೇ ಸಲವೆಂದರೆ ಕಣ್ಣುಮುಚ್ಚಿ ಒಂದೇ ಸಲವೆಂದೂ ಅಲ್ಲ. ಸಾಮಾನ್ಯವಾಗಿ ಕೊಡುವ ಸೆಫಜೋಲಿನ್ ಎಂಬುದರ ಬಲ ಕೆಲವು ಗಂಟೆಗಳಲ್ಲಿ ಇಳಿಯುವುದರಿಂದ, ಶಸ್ತ್ರಚಿಕಿತ್ಸೆ ನಾಲ್ಕು ಗಂಟೆ ಮೀರಿದರೆ, ಇಲ್ಲವೆ ರಕ್ತ ಬಹಳ ಹೋದರೆ, ನಡುವೆ ಇನ್ನೊಮ್ಮೆ ಕೊಡುತ್ತಾರೆ. ವ್ಯಾಂಕೊಮೈಸಿನ್ನನ್ನು ನಿಧಾನವಾಗಿ ಹರಿಸಬೇಕಾದುದರಿಂದ ಬೇಗನೆ ತೊಡಗುತ್ತಾರೆ. ಕ್ರಿಮಿಗಳ ಸಂಪರ್ಕ ಕಡಮೆಯಿರುವ ಕೆಲವು ಸಣ್ಣ ಚಿಕಿತ್ಸೆಗಳಿಗೆ ಇದು ಬೇಕಾಗುವುದೇ ಇಲ್ಲ. ಕೀವು ಮೊದಲೇ ಇದ್ದವರಿಗಾದರೋ ವೈದ್ಯರು ಹೇಳಿದಷ್ಟು ದಿನವೂ ತಪ್ಪದೆ ಸಲ್ಲಬೇಕು. ಇದನ್ನು ನಿರ್ಣಯಿಸುವ ಕೆಲಸ ನನ್ನದೂ ಅಲ್ಲ, ಓದುಗರದೂ ಅಲ್ಲ.

ನಮ್ಮ ಕೈಯಲ್ಲಿರುವುದು ಬೇರೆ. ಹಿಂದಿನ ದಿನವೋ ಅಂದು ಬೆಳಗ್ಗೆಯೋ ಚೆನ್ನಾಗಿ ಸ್ನಾನಮಾಡುವುದು, ಮನೆಯಲ್ಲಿ ಕ್ಷೌರದ ಕತ್ತಿಯಿಂದ ಕೂದಲು ತೆಗೆಯದಿರುವುದು, ಸಕ್ಕರೆಕಾಯಿಲೆಯನ್ನು ಹತೋಟಿಯಲ್ಲಿಡುವುದು, ಯಾವ ಔಷಧ ಮೈಗೆ ಒಗ್ಗದೆಂಬುದನ್ನು ಮರೆಯದೆ ತಿಳಿಸುವುದು.

ಉಳಿದುದು ಒಳಗಿನವರ ಹೊಣೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಒಂದು ಹಾಳೆಯ ಪಟ್ಟಿಯಲ್ಲಿ, ಕತ್ತಿಯಿಡುವ ಮುಂಚೆ ಎಲ್ಲರೆದುರು ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆಯೊಂದಿದೆ: ಕಳೆದ 60 ನಿಮಿಷಗಳೊಳಗೆ ಪ್ರತಿಜೀವಕ ಕೊಟ್ಟಾಗಿದೆಯೆ? ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಆ ಪಟ್ಟಿಯನ್ನು ಆಚರಣೆಗೆ ತಂದ ಮೇಲೆ, ಶಸ್ತ್ರಚಿಕಿತ್ಸೆಯಾದವರ ಮರಣ 1000ಕ್ಕೆ 15ರಿಂದ 8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಇಳಿದುದಕ್ಕೆ ಆ ಒಂದು ಪ್ರಶ್ನೆಯೇ ಕಾರಣವಲ್ಲ. ಆದರೆ ಅದೂ ಅವುಗಳಲ್ಲೊಂದು. ಎಷ್ಟು ದಿನದ ಮಾತ್ರೆ ಎಂದು ಆಮೇಲೆ ಜಗಳವಾಡುವುದಕ್ಕಿಂತ, ಆ ಪ್ರಶ್ನೆಯನ್ನು ನಮ್ಮ ಆಸ್ಪತ್ರೆಯಲ್ಲಿ ಕೇಳುತ್ತಾರೆಯೇ ಎಂದು ಮೊದಲೇ ವಿನಯದಿಂದ ವಿಚಾರಿಸುವುದು ಮೇಲು.